ಗಾಳಿಯ ಲೆಕ್ಕ

ಮುಂದಿನ ಚಕ್ರಕ್ಕೆ ಇಪ್ಪತ್ತೈದು, ಹಿಂದಕ್ಕೆ ಮೂವತ್ತೆರಡು,
ಇಬ್ಬರು ಕೂರುವುದಾದರೆ ಇನ್ನೆರಡು.
ಗುತ್ತಲು ರಸ್ತೆಯಲ್ಲಿ ಹತ್ತೊಂಬತ್ತು ವರ್ಷದಿಂದ
ನಾನು ಮಾರುವುದು ಇದನ್ನೇ.
ಎಲ್ಲಿ ಸೋರ್ತಾ ಅದೆ ಅಂತ ಕೇಳಿದರೆ
ಟ್ಯೂಬನ್ನು ಬಾನಿಯಲ್ಲಿ ಅದ್ದಿ ತೋರಿಸುತ್ತೇನೆ:
ಅಗೋ, ಗುಳ್ಳೆ.

ಮೊಲವನ್ನು ಎಲ್ಲಿ ಅದ್ದಲಿ?

ರಾತ್ರಿ ಒಂಬತ್ತೂವರೆ. ಶಟರು ಅರ್ಧ ಎಳೆದಿದ್ದೆ.
ಬೆಂಚಿನ ಕೆಳಗಿನಿಂದ ಮೋನಿಷಾ ಕೂಗಿದಳು,
"ಅಪ್ಪಾಜಿ, ಸೀಬೆ ಮೂತಿ ಮ್ಯಾಕೆತ್ಕಂಡ್ ಕೂತದೆ."
ಕಿವಿಯ ಒಳಗು ಸೀಬೆಹಣ್ಣಿನ ಬಣ್ಣ ಅಂತ
ಅವಳೇ ಇಟ್ಟ ಹೆಸರು.
ಕೂತಿತ್ತು. ಯಾರೋ ಮೇಲಿಂದ ಕರೆದ ಹಾಗೆ
ಕತ್ತು ನಿಗುರಿಸಿ, ಹೊಳ್ಳೆ ಅಗಲಿಸಿ,
ಎರಡು ಪಕ್ಕೆಯೂ ಕುಲುಮೆಯ ತಿದಿ.
ಆದರೆ ಸದ್ದಿಲ್ಲ.
ನಾಯಿಯಾದರೆ ಕುಂಯ್‌ಗುಡುತ್ತಿತ್ತು,
ಬೆಕ್ಕಾದರೆ ಬೀದಿಗೆಲ್ಲ ಹೇಳುತ್ತಿತ್ತು.
ಇದು ಸಂಕಟವನ್ನೂ ಗುಟ್ಟಿನಲ್ಲಿ ಮಾಡುವ ಜಾತಿ.

ಕೂಸಿನ ಹಾಗೆ ಅಂಗಾತ ಮಲಗಿಸಲು ಹೋದೆ.
ಒದೆಯಿತು. ಬಾಯಿ ತೆರೆಯಿತು.
ಎರಡು ವರ್ಷದಲ್ಲಿ ಮೊದಲ ಸಲ
ಅದರ ನಾಲಿಗೆ ಕಂಡೆ.

ಪಶುಡಾಕ್ಟರು ತೇಜೋವತಿ ಮೇಡಂ ನಂಬರು
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು,
ಪಕ್ಕದಲ್ಲಿ: ಬಾಕಿ ಎಂಬತ್ತು.
"ಅಂಗಾತ ಹಾಕ್ಬೇಡಿ. ಹಿಸುಕ್ಬೇಡಿ.
ಬಾಯಿಗೆ ನೀರು ಬಿಡ್ಬೇಡಿ.
ಮೊಲ ಮೂಗಲ್ಲೇ ಉಸಿರಾಡೋದು ಕಣ್ರೀ,
ಬಾಯಿ ತೆಗೆದಿದೆ ಅಂದ್ರೆ ಹೊತ್ತಿಲ್ಲ.
ಹೆಂಗೆ ಕೂತಿದೆಯೋ ಹಂಗೇ ತನ್ನಿ."

ಬಿಸ್ಕತ್ತಿನ ರಟ್ಟಿನ ಡಬ್ಬ, ಒಳಗೆ ನನ್ನ ಟವೆಲ್.
ಹಿಂದೆ ಮೋನಿಷಾ, ತೊಡೆಯ ಮೇಲೆ ಡಬ್ಬ.
ಗಾಡಿ ಇಪ್ಪತ್ತು ದಾಟಲಿಲ್ಲ.
ಪ್ರತಿ ಹಂಪಿಗೂ "ಸಾರಿ, ಸಾರಿ" ಅಂದಳು,
ನನಗಲ್ಲ.

ಮೇಡಂ ಮನೆಯ ಕಾರ್‌ಶೆಡ್ಡು. ಸಿಲಿಂಡರು.
ಬಕೆಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ತೂತಿನಲ್ಲಿ ಕೊಳವೆ ತೂರಿಸಿ
ಸೀಬೆಯನ್ನು ಅದರೊಳಗೆ ಮೆಲ್ಲನೆ ಕೂರಿಸಿದರು.
"ನಾನು ಹೆಚ್ಚಾಗಿ ನೋಡೋದು ಹಸು, ಎಮ್ಮೆ,
ಬೆಳಗಾದ ಮೇಲೆ ಮೈಸೂರಲ್ಲಿ ತೋರಿಸಿ" ಅಂತಲೂ ಅಂದರು.
ಮುಚ್ಚಳ ಸೀಲು ಸರಿಯಾಗಿರಲಿಲ್ಲ, ಸೋರುತ್ತಿತ್ತು.
ಅದು ನನಗೆ ಬರುವ ಕೆಲಸ.
ಹಳೇ ಟ್ಯೂಬು ಗಾಡಿಯ ಡಿಕ್ಕಿಯಲ್ಲಿತ್ತು, ಕತ್ತರಿಸಿ ಸುತ್ತಿದೆ.

ಆಮೇಲೆ ಕೇಳಿದರು, "ಎಲ್ಲಿ ಸಾಕಿರೋದು?"
"ಅಂಗಡೀಲೇ, ಬೆಂಚಿನ ಕೆಳಗೆ. ಮಗಳು ಸ್ಕೂಲಿಂದ ಬಂದು ಅಲ್ಲೇ..."
"ಪಂಚರ್ ಅಂಗಡೀಲಾ?"
ಮುಂದೇನೂ ಹೇಳಲಿಲ್ಲ. ಹೇಳುವುದು ಉಳಿದಿರಲಿಲ್ಲ.
ಸಲ್ಯೂಷನ್ ಡಬ್ಬಿ, ಪೆಟ್ರೋಲಿನ ಚಿಂದಿ,
ಪ್ಯಾಚು ಕಾಯಿಸುವ ಹೊಗೆ,
ಟ್ಯೂಬು ಉಜ್ಜಿದ ಕರೀ ಪುಡಿ,
ಕಂಪ್ರೆಸರು ಹೊತ್ತಿಕೊಂಡಾಗಲೆಲ್ಲ ನೆಲದಿಂದ ಏಳುವ ಧೂಳು.
ಊರಿನ ಗಾಡಿಗಳಿಗೆಲ್ಲ ಒಳ್ಳೇ ಗಾಳಿ ತುಂಬಿದವನು
ಬೆಂಚಿನ ಕೆಳಗೆ ಬಗ್ಗಿ ಮೂಸಿರಲಿಲ್ಲ.

"ನಿಮಗೆ ಆ ಕೆಮ್ಮು ಎಷ್ಟು ದಿನದಿಂದ?"
"ಮೊಲ ನೋಡಿ ಮೇಡಂ."

ಹನ್ನೆರಡಕ್ಕೆ ಬಾಯಿ ಮುಚ್ಚಿತು.
ಒಂದಕ್ಕೆ ಮೂಗು ಮೊದಲಿನ ಹಾಗೆ ಅದುರಿತು.
ಎಂಬತ್ತು ಮನ್ನಾ ಅಂತ ನಾನೇ ಅಂದುಕೊಂಡೆ,
ಅವರು ಅದನ್ನು ಮರೆತೇ ಇದ್ದರು.

ಈಗ ಡಬ್ಬ ಮಹಡಿ ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಪಕ್ಕ.
ಶಿವರತ್ನ ಗಾರ್ಮೆಂಟ್ಸಿನ ಪಾಳಿ ಮುಗಿಸಿ ಬಂದವಳು
ಕೊತ್ತಂಬರಿ ಒಂದೆಸಳು ಇಟ್ಟಳು. ಮುಟ್ಟಿಲ್ಲ.
ಮೋನಿಷಾ ನನ್ನ ತೋಳಿಗೊರಗಿ ನಿದ್ದೆ.
ನಿಮಿಷಕ್ಕೆ ಅರವತ್ತು ದಾಟಿದರೆ ಫೋನ್ ಮಾಡಿ ಅಂದಿದ್ದಾರೆ.
ಮೊಬೈಲಿನ ಬೆಳಕನ್ನು ಬೆರಳಲ್ಲಿ ಅರೆಮರೆ ಮಾಡಿ
ಪಕ್ಕೆ ನೋಡುತ್ತಿದ್ದೇನೆ.
ಮೂವತ್ತೊಂದು, ಮೂವತ್ತೆರಡು.
ನನ್ನ ಕೆಮ್ಮು ಬರುತ್ತದೆ, ಅದುಮುತ್ತೇನೆ.
ಮೂವತ್ತೆಂಟು...
ಮೈಸೂರಿನ ಕಡೆಯ ರೈಲು ಹಾದು
ಮೆಟ್ಟಿಲು ನಡುಗಿ, ಡಬ್ಬ ನಡುಗಿ,
ಯಾವುದು ರೈಲು ಯಾವುದು ಉಸಿರು ತಿಳಿಯದೆ
ಲೆಕ್ಕ ತಪ್ಪಿತು.

ಒಂದು.